ಅತ್ತೆಯ ಅರಿಶಿನದ ಕೊಂಬು

ಸವಳಂಗ ರಸ್ತೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂಆರ್‌ಐ ಮಾಡೋದು ನನ್ನ ಕೆಲಸ. ಒಮ್ಮೆ ಕಾಗದನಗರದಿಂದ ಅತ್ತೆ-ಸೊಸೆ ಬಂದರು. ಸೊಸೆಗೆ ಚಿಕ್ಕಂದಿನಲ್ಲೇ ಹೃದಯದ ದೊಡ್ಡ ರಕ್ತನಾಳ ಕಿರಿದಾಗಿ ಆಪರೇಷನ್ ಆಗಿತ್ತು. ಮತ್ತೆ ಕಿರಿದಾಗಿದೆಯಾ ಅಂತ ನೋಡಬೇಕಿತ್ತು.

ಮಷೀನಿನೊಳಗೆ ಲೋಹ ಕೂಡದು. ತಾಳಿ ತೆಗೆಯಿರಿ ಅಂತ ಅತ್ತೆಯೆದುರು ಹೇಗೆ ಹೇಳೋದು? ನಾನು ತಡವರಿಸುತ್ತಿದ್ದಂತೆ ಆಕೆಯೇ ಸೆರಗಿನ ಗಂಟು ಬಿಚ್ಚಿ, ಅರಿಶಿನದ ಕೊಂಬು ಕಟ್ಟಿದ ದಾರವನ್ನು ಸೊಸೆಯ ಕೊರಳಿಗೆ ಹಾಕಿ, ತಾಳಿ ತೆಗೆದುಕೊಂಡರು.

"ಅರಿಶಿನಕ್ಕೆ ನಿಮ್ಮ ಮಷೀನು ಏನೂ ಅನ್ನಲ್ವಲ್ಲ ಸಾರ್?"

ಸ್ಕ್ಯಾನ್ ನಡೆಯುವಾಗ ಸ್ಕ್ರೀನಿನಲ್ಲಿ ನೋಡಿದೆ. ಹಳೇ ಹೊಲಿಗೆಯ ಜಾಗದಲ್ಲಿ ರಕ್ತ ಸರಾಗವಾಗಿ ಹರೀತಿತ್ತು. ಆದರೆ ಅದನ್ನು ನಾನು ಹೇಳುವಂತಿಲ್ಲ.

ಹೊರಗೆ ಬಂದಾಗ ಅತ್ತೆ ಹೇಗಿದೆ ಅಂತ ಕೇಳಿದರು. "ಡಾಕ್ಟರು ಹೇಳ್ತಾರಮ್ಮ" ಅಂದೆ.

ಆಕೆ ನನ್ನ ಮುಖವನ್ನೇ ದಿಟ್ಟಿಸಿದರು. "ಬಿಡಿ, ಗೊತ್ತಾಯ್ತು. ಚೆನ್ನಾಗಿದೆ" ಅಂತ ನಕ್ಕು, ಸೊಸೆಗೆ ತಾಳಿ ಹಾಕಿದರು.

ಅಷ್ಟು ಬೇಗ ರಿಪೋರ್ಟ್ ಕೊಡೋ ಮಷೀನು ನಮ್ಮಲ್ಲಿಗೆ ಇನ್ನೂ ಬಂದಿಲ್ಲ.