ಒಂದು ಚಿಟಿಕೆ ಕೊಸರು

ಆ ಹಂದಿಯ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿಲ್ಲ. ಬಜಗೋಳಿಯಲ್ಲಿ ಭಾವನ ಮನೆಯ ಹಿಂದೆ ಒಂದು ತೋಡು ಹರಿಯುತ್ತದೆ. ಭಾವ ಎಂದರೆ ನನ್ನ ಹೆಂಡತಿಯ ಒಬ್ಬನೇ ಅಣ್ಣ; ಅವರು ನನ್ನನ್ನು ಕರೆಯುವುದೂ ಭಾವ ಎಂದೇ. ಪೇಟೆಯಲ್ಲಿ ಜೀನಸು ಅಂಗಡಿ, ಮನೆಯಲ್ಲಿ ಲೈಸನ್ಸಿನ ಕೋವಿ. ಗದ್ದೆಗೆ ನುಗ್ಗಿದ ಹಂದಿಗೆ ಅವರು ಹೊಡೆದ ಗುಂಡು ಅದರ ಹೊಟ್ಟೆಗೆ ಬಿದ್ದಿತ್ತು. ನಾಲ್ಕು ದಿನ ಎಲ್ಲೆಲ್ಲೋ ನರಳಿ ಅದು ಆ ತೋಡಿಗೇ ಬಂದು ಸತ್ತಿತು. ಭಾನುವಾರ ಊಟಕ್ಕೆಂದು ಹೋದವನು ಕಾಲು ತೊಳೆಯಲು ಇಳಿದರೆ, ಗಾಯದ ತುಂಬ ಹುಳ ಮಿಜಿಗುಟ್ಟುತ್ತಿತ್ತು. ಊಟಕ್ಕೆ ಕೂತರೆ ನನಗೆ ಒಂದು ತುತ್ತೂ ಇಳಿಯಲಿಲ್ಲ. ಭಾವ ಮಾತ್ರ ಎರಡನೆಯ ಸಲ ಸಾರು ಹಾಕಿಸಿಕೊಂಡು, "ನನ್ನ ಗುರಿ ಸರಿಯೇ ಉಂಟು ಭಾವ, ತೋಟೆ ಸರಿ ಇಲ್ಲ" ಎಂದರು. ಥೂ, ಇದೂ ಒಂದು ಮನುಷ್ಯನೇ ಎಂದುಕೊಂಡೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆ ರೈಫಲನ್ನು ಭಾವನ ತಂದೆಗೆ ಎಸ್ಟೇಟಿನ ಧಣಿಯೊಬ್ಬರು ಬಿಟ್ಟು ಹೋಗಿದ್ದರು. ಒಂದು ಕಾಲದಲ್ಲಿ ಶಿಕಾರಿಯವರ ಬಾಯಲ್ಲೆಲ್ಲ ಅದರದೇ ಹೆಸರಂತೆ. ಈಗ ಆ ಅಳತೆಯ ತೋಟೆ ಅಂಗಡಿಗೆ ಬರುವುದೇ ನಿಂತಿತ್ತು. ಹಾಗಾಗಿ ಹೊಡೆದ ತೋಟೆಯ ಹಿತ್ತಾಳೆ ಚಿಪ್ಪನ್ನೇ ಹೆಕ್ಕಿ ತಂದು, ಕಿಡಿ ಹತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತುಂಬಿ, ಮೇಲೆ ಗುಂಡು ಒತ್ತಿ ಮತ್ತೆ ಬಳಸುತ್ತಿದ್ದರು. ಮದ್ದನ್ನು ಯಾವುದರಲ್ಲಿ ಅಳೆಯುತ್ತೀರಿ ಎಂದು ಕೇಳಿದೆ. ಎಲೆಯಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿಯ ಮುಚ್ಚಳ ಎತ್ತಿ ತೋರಿಸಿದರು.

ನನ್ನ ಮೈ ಉರಿಯಿತು. ನಾನು ಅಕ್ಕಸಾಲಿ. ಕಾಪುವಿನಿಂದ ಬಂದು ಪರ್ಕಳದಲ್ಲಿ ಅಂಗಡಿ ಇಟ್ಟವನು. ಗುಲಗಂಜಿಯ ಲೆಕ್ಕದಲ್ಲಿ ಬದುಕುವವನ ಎದುರು ಸುಣ್ಣದ ಮುಚ್ಚಳ ಹಿಡಿಯುವುದೆಂದರೆ ಎಂತ ಧೈರ್ಯ! ಒಂದು ತೋಟೆಗೆ ಮದ್ದು ಕಡಿಮೆ, ಇನ್ನೊಂದಕ್ಕೆ ಹೆಚ್ಚು. ಗುಂಡು ಎದೆಗೆ ಹೋಗಬೇಕಾದಲ್ಲಿ ಹೊಟ್ಟೆಗೆ ಹೋಗದೆ ಇನ್ನೇನು? ಮುಂದಿನ ವಾರದಿಂದ ನಾನೇ ತೂಗಿ ಕೊಡುತ್ತೇನೆ ಎಂದೆ. ಬೇಟೆಯ ಮೇಲಿನ ಪ್ರೀತಿಯಿಂದಲ್ಲ. ಆ ಹುಳವನ್ನು ಇನ್ನೊಮ್ಮೆ ನೋಡಬಾರದೆಂದು.

ಮನೆಗೆ ಬಂದು ಹೇಳಿದಾಗ ಹೆಂಡತಿಗೆ ನೆನಪಾದದ್ದು ಅಣ್ಣನ ಕಣ್ಣು. ಭಾವನ ಎಡಗಣ್ಣು ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗಲೇ ಹೋಗಿತ್ತು. "ಗುರಿ ಹಿಡಿಯುವಾಗ ಎಲ್ಲರೂ ಒಂದು ಕಣ್ಣು ಮುಚ್ಚಬೇಕು ಮಾರಾಯ್ರೆ, ನನಗೆ ಆ ಕೆಲಸವೂ ಇಲ್ಲ" ಎಂದು ಅವರು ನಗುತ್ತಿದ್ದರು. ಉಳಿದ ಬಲಗಣ್ಣಿಗೂ ಮದ್ದು ಸಿಡಿಯುವ ಜಾಗಕ್ಕೂ ಒಂದು ಗೇಣು ದೂರ. ಮದ್ದು ಹೆಚ್ಚಾಗಿ ಚಿಪ್ಪು ಒಡೆದರೆ ಬೆಂಕಿ ಹಿಂದಕ್ಕೇ ಬರುತ್ತದೆ. "ಅಣ್ಣನ ಕಣ್ಣು ಇನ್ನು ನಿಮ್ಮ ತಕ್ಕಡಿಯಲ್ಲಿ ಉಂಟು, ನೆನಪಿರಲಿ" ಎಂದಳು ಅವಳು. ನನ್ನ ತಕ್ಕಡಿ ತಪ್ಪುವುದಿಲ್ಲ ಎಂದೆ.

ಹೀಗೆ ಪ್ರತಿ ಭಾನುವಾರ ಗಾಜಿನ ಪೆಟ್ಟಿಗೆಯ ಚಿನ್ನದ ತಕ್ಕಡಿಯನ್ನು ಬೈರಾಸು ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಕಾರ್ಕಳದ ಬಸ್ಸು ಹತ್ತಿ, ಅಲ್ಲಿಂದ ಬಜಗೋಳಿಗೆ. ಧಣಿಯ ಹಳೆಯ ಪುಸ್ತಕದಲ್ಲಿ ಮದ್ದಿನ ತೂಕ ಬರೆದಿತ್ತು. ಅದನ್ನು ನನ್ನ ಲೆಕ್ಕಕ್ಕೆ ಇಳಿಸಿ, ಮೂರು ಸಲ ತಾಳೆ ನೋಡಿದೆ. ಹಿಂಬದಿಯ ಜಗಲಿಯಲ್ಲಿ ನಾನು ತೂಗಿ, ಚಿನ್ನದ ಪುಡಿ ಕಟ್ಟುವಂತೆ ಒಂದೊಂದು ತೋಟೆಯ ಮದ್ದನ್ನು ಒಂದೊಂದು ಕಾಗದದ ಪೊಟ್ಟಣಕ್ಕೆ ಹಾಕಿ ಕೊಡುವುದು. ನನ್ನ ಬೆನ್ನ ಹಿಂದೆ ಕೂತ ಭಾವ ಅದನ್ನು ಚಿಪ್ಪಿಗೆ ಸುರಿದು ಗುಂಡು ಒತ್ತುವುದು. ಫ್ಯಾನು ಹಾಕಲು ಬಿಡುತ್ತಿರಲಿಲ್ಲ. ಉಸಿರು ಸಹ ಪಕ್ಕಕ್ಕೆ ಬಿಡುತ್ತಿದ್ದೆ.

ಆ ಮನುಷ್ಯನ ತೂಕದ ಅಭ್ಯಾಸವನ್ನು ನಾನು ಅವರ ಜೀನಸು ಅಂಗಡಿಯಲ್ಲಿ ನೋಡಿದ್ದೆ. ಬೆಲ್ಲವೋ ಅವಲಕ್ಕಿಯೋ, ತಕ್ಕಡಿ ಸಮ ನಿಂತ ಮೇಲೆ ಕೈ ತಾನಾಗಿ ಡಬ್ಬಿಗೆ ಹೋಗಿ ಒಂದು ಹಿಡಿ ಕೊಸರು ತರುತ್ತಿತ್ತು. ಸರಿ ತೂಕ ಕೊಟ್ಟು ಕಳಿಸುವುದು ಅವರಿಗೆ ನಾಚಿಕೆಯ ವಿಷಯ. "ಚಿನ್ನಕ್ಕೆ ಕೊಸರಿಲ್ಲ ಭಾವ" ಎಂದು ನಾನು ಕೆಣಕುತ್ತಿದ್ದೆ. ಅವರು ನಕ್ಕುಬಿಡುತ್ತಿದ್ದರು.

ಪರೀಕ್ಷೆ ಮಾಡುವುದು ಊರಾಚೆ, ಮುರಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯಲ್ಲಿ. ಬಿಸ್ಕೆಟಿನ ರಟ್ಟಿಗೆ ಮಸಿಯ ಬೊಟ್ಟಿಟ್ಟು ನೂರು ಹೆಜ್ಜೆಯಿಂದ ಐದು ಗುಂಡು. ಮರಳಿನ ಚೀಲದ ಮೇಲೆ ಕೋವಿ ಇಟ್ಟರೆ ಐದೂ ಒಂದು ಕರಟದ ಬಾಯಿಯೊಳಗೆ ಬೀಳಬೇಕು. ಬಿದ್ದದ್ದು ಗೆರಸೆಯಷ್ಟು ಅಗಲಕ್ಕೆ! ಒಂದು ಮೇಲೆ, ಒಂದು ಕೆಳಗೆ, ಒಂದು ರಟ್ಟೇ ಬಿಟ್ಟು ಆಚೆ. ಗಾಳಿ ಎಂದುಕೊಂಡೆ. ಮುಂದಿನ ವಾರ ಗುಂಡುಗಳನ್ನೂ ಒಂದೊಂದಾಗಿ ತೂಗಿ ಬೇರೆ ಮಾಡಿದೆ. ಚಿಪ್ಪುಗಳನ್ನು ಹುಣಸೆಹುಳಿಯಲ್ಲಿ ತಿಕ್ಕಿದೆ. ಉಡುಪಿಗೆ ಹೋಗಿ ತಕ್ಕಡಿಗೆ ಹೊಸ ತೂಕದ ಬಟ್ಟು ತಂದೆ. ಗೆರಸೆ ಗೆರಸೆಯಾಗಿಯೇ ಉಳಿಯಿತು. ತಲೆ ಕೆಟ್ಟು ಹೋಯಿತು. ಅಂಗಡಿಗೆ ಮೂಗುಬೊಟ್ಟು ಮಾಡಿಸಲು ಬಂದವರ ಮೇಲೆಲ್ಲ ರೇಗತೊಡಗಿದೆ. ಮೂವತ್ತು ವರ್ಷ ನಂಬಿದ ತಕ್ಕಡಿಯೇ ನನಗೆ ಸುಳ್ಳು ಹೇಳುತ್ತಿದೆಯೇ?

"ಮದ್ದು ಸಾಲುವುದಿಲ್ಲ ಅಂತ ಕಾಣುತ್ತದೆ" ಎಂದರು ಭಾವ.

"ಪುಸ್ತಕದಲ್ಲಿ ಇದ್ದದ್ದೇ ಹಾಕುವುದು. ಒಂದು ಕಣ ಹೆಚ್ಚಿಲ್ಲ, ಕಡಿಮೆ ಇಲ್ಲ" ಎಂದು ಗದರಿದೆ.

ಅವರು ರಟ್ಟನ್ನು ಮಡಚಿ ಚೀಲಕ್ಕೆ ಹಾಕಿದರು.

ಆರನೆಯ ಭಾನುವಾರ ಮೂರನೆಯ ಗುಂಡಿಗೆ ಸದ್ದೇ ಬೇರೆ ಬಂತು. ಕೋವಿಯ ಹಿಂಬದಿಯಿಂದ ಹಳದಿ ಹೊಗೆ ಬುಸ್ಸೆಂದು ಎದ್ದಿತು. ಭಾವ ಕೋವಿ ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕೂತರು. ಬೆರಳ ಸಂದಿಯಲ್ಲಿ ರಕ್ತ ಇಳಿಯುತ್ತಿತ್ತು. ಅವರು ಸದಾ ಹಾಕುವ ಕನ್ನಡಕದ ಬಲಗಾಜು ಪುಡಿಯಾಗಿತ್ತು. "ಭಾವ, ಕತ್ತಲೆ" ಎಂದರು, ಮತ್ತೇನೂ ಇಲ್ಲ. ಒಂದು ಜೀಪು ಹಿಡಿದು ಮಣಿಪಾಲದ ಆಸ್ಪತ್ರೆಗೆ ತಂದೆ. ಹತ್ತು ದಿನ ಪಟ್ಟಿ ಬಿಚ್ಚುವಂತಿಲ್ಲ, ಆಮೇಲೆ ನೋಡೋಣ ಎಂದರು ಡಾಕ್ಟರು. ಹೆಂಡತಿ ಬಂದು ಅಣ್ಣನ ಕಾಲ ಬಳಿ ಕೂತಳು. ನನ್ನ ಮುಖ ನೋಡಲಿಲ್ಲ.

ಉಳಿದ ಎರಡು ತೋಟೆ ನನ್ನ ಜೇಬಿನಲ್ಲಿದ್ದವು. ಅಂಗಡಿಗೆ ಹೋಗಿ ಬಾಗಿಲು ಹಾಕಿ, ಇಕ್ಕುಳದಿಂದ ಗುಂಡು ಕಿತ್ತು ಮದ್ದನ್ನು ತೂಗಿದೆ. ಒಂದರಲ್ಲಿ ಎರಡು ಗುಲಗಂಜಿ ಹೆಚ್ಚು. ಇನ್ನೊಂದರಲ್ಲಿ ಹತ್ತಿರ ಮೂರು. ನನ್ನ ತಕ್ಕಡಿ ತಪ್ಪಿರಲಿಲ್ಲ. ಯಾರೋ ಮೇಲೆ ಹಾಕಿದ್ದಾರೆ. ಜಗಲಿಯಲ್ಲಿ ನನ್ನ ಬೆನ್ನ ಹಿಂದೆ ಯಾರಿದ್ದರು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಥೂ ನಿನ್ನ ಕೊಸರಿಗೆ ಬೆಂಕಿ ಬೀಳ! ಮುಖಕ್ಕೆ ಮಂಗಳಾರತಿ ಎತ್ತುವುದೆಂದು ನಿರ್ಧರಿಸಿ ಮಾರನೆಯ ದಿನ ಆಸ್ಪತ್ರೆಗೆ ಹೋದೆ.

ಹೆಂಡತಿ ಅಣ್ಣನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ನಾನು ನಿಂತಲ್ಲಿಂದಲೇ ಶುರು ಮಾಡಿದೆ. "ಅದು ಬೆಲ್ಲ ಅಲ್ಲ, ಮದ್ದು. ಕೊಸರು ಹಾಕಲು ನಿಮಗೆ ಬುದ್ಧಿ ಎಲ್ಲಿ ಹೋಗಿತ್ತು?"

ಭಾವ ಪಟ್ಟಿ ಕಟ್ಟಿದ ಮುಖವನ್ನು ನನ್ನ ದನಿಯ ಕಡೆ ತಿರುಗಿಸಿದರು. "ಕೊಸರು ಅಲ್ಲ ಭಾವ. ಕಮ್ಮಿ ಇದ್ದದ್ದನ್ನು ಸರಿ ಮಾಡಿದ್ದು."

"ಎಂತ ಕಮ್ಮಿ? ನಾನು ತೂಗಿದ್ದು."

"ನೀವು ತೂಗಿದ್ದು ಅಂತಲೇ ಹಾಕಿದೆ" ಎಂದರು. ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. "ನಿಮ್ಮ ಮದುವೆಗೆ ಅಮ್ಮನ ಸರ ಕರಗಿಸಿ ತಂಗಿಗೆ ನಾಲ್ಕು ಬಳೆ ಮಾಡಿ ಕೊಟ್ಟಿರಲ್ಲ. ಕಾರ್ಕಳದಲ್ಲಿ ತೂಗಿಸಿದೆವು. ಕರಗುವಾಗಿನ ಸವಕಳಿ ಬಿಟ್ಟು ಒಂದೊಂದು ಬಳೆಗೆ ಎರಡು ಗುಲಗಂಜಿ ಕಮ್ಮಿ ಇತ್ತು. ಅಮ್ಮ ಹೇಳಿದರು, ಅಕ್ಕಸಾಲಿಯ ಕೈಯ ಅಭ್ಯಾಸ, ಮಾತಾಡಬೇಡ ಅಂತ. ಅಭ್ಯಾಸ ಅಷ್ಟು ಬೇಗ ಹೋಗುತ್ತದಾ? ಅದಕ್ಕೇ ನಾನು ಪೊಟ್ಟಣಕ್ಕೆ ಒಂದು ಚಿಟಿಕೆ ಸೇರಿಸುತ್ತಿದ್ದೆ. ಗುಂಡು ಸರಿ ಹೋಗದ್ದು ನೋಡಿ, ಇನ್ನೂ ಕಮ್ಮಿ ಉಂಟು ಅಂತ ಸ್ವಲ್ಪ ಜಾಸ್ತಿ ಹಾಕಿದೆ."

ಸುಳ್ಳು ಎನ್ನುವಂತಿರಲಿಲ್ಲ. ತೆಗೆದದ್ದು ನಿಜ. ಮದುವಣಿಗನಾಗಿ, ನನ್ನ ಹೆಂಡತಿಯಾಗುವವಳ ಬಳೆಯಿಂದ. ಬೇಕಾಗಿಯೂ ಇರಲಿಲ್ಲ, ಕೈ ತೆಗೆಯಿತು, ಅಷ್ಟೆ. ಆ ಚೂರು ಯಾರ ಉಂಗುರಕ್ಕೆ ಹೋಯಿತೋ ಈಗ ನೆನಪೂ ಇಲ್ಲ. ಹಂದಿಯ ಗಾಯ ನೋಡಿ ಬಂದ ಹೇಸಿಗೆಯೇ ಮತ್ತೆ ಬಂತು. ಈ ಸಲ ನನ್ನ ಮೇಲೆ. ಹೆಂಡತಿಯ ಚಮಚ ಅರ್ಧದಲ್ಲೇ ನಿಂತಿತ್ತು. ಅವಳಿಗೆ ಗೊತ್ತಿರಲಿಲ್ಲ ಎಂಬುದು ಅವಳ ಮುಖ ನೋಡಿಯೇ ತಿಳಿಯಿತು. ಆಮೇಲೆ ಉಳಿದ ಗಂಜಿಯನ್ನು ಕುಡಿಸಿದಳು.

ಪಟ್ಟಿ ಬಿಚ್ಚಿದಾಗ ಭಾವನಿಗೆ ಕಂಡಿತು. ಮಸುಕಾಗಿ, ದಪ್ಪ ಗಾಜಿನ ಹಿಂದಿನಿಂದ, ಆದರೆ ಕಂಡಿತು. ತಕ್ಕಡಿಯ ಮುಳ್ಳು ಮಾತ್ರ ಇನ್ನು ಕಾಣುವುದಿಲ್ಲವಂತೆ. ಮುಂದೆ ಚುನಾವಣೆ ಬಂದಾಗ ಲೈಸನ್ಸು ಇದ್ದ ಎಲ್ಲರ ಹಾಗೆ ಕೋವಿಯನ್ನು ಠಾಣೆಗೆ ಒಪ್ಪಿಸಿದರು. ಚುನಾವಣೆ ಮುಗಿದು ಎಲ್ಲರೂ ಬಿಡಿಸಿಕೊಂಡು ಬಂದರೂ ಇವರು ಹೋಗಲಿಲ್ಲ.

ಅವರು ಮನೆಗೆ ಹೋದ ಮರುದಿನ ಹೆಂಡತಿ ನನ್ನ ಅಂಗಡಿಗೆ ಬಂದಳು. ಗಿರಾಕಿಗಳ ಬೆಂಚಿನಲ್ಲಿ ಕೂತು, ನಾಲ್ಕೂ ಬಳೆ ಬಿಚ್ಚಿ ತಕ್ಕಡಿಯ ಪಕ್ಕ ಇಟ್ಟಳು. "ಕೊಸರು ಬೇಡ. ಸರಿ ಮಾಡಿ ಕೊಡಿ, ಸಾಕು" ಎಂದಳು.

ನನ್ನ ಬೆರಳಿನ ಉಂಗುರ ಕರಗಿಸಿ ಬಳೆಗಳಿಗೆ ಸೇರಿಸಿದೆ. ಕೊಟ್ಟಾಗ ಅವಳು ಹಾಕಿಕೊಳ್ಳಲಿಲ್ಲ. ಕರವಸ್ತ್ರದಲ್ಲಿ ಕಟ್ಟಿಕೊಂಡು ಕಾರ್ಕಳದ ಬಸ್ಸು ಹತ್ತಿದಳು, ತೂಗಿಸಲು.