ತಮ್ಮನ ಕಬ್ಬಿಣಪಟ್ಟಿಯ ಬೂಟು

ನಾನು ಚಿಕ್ಕವಳಿದ್ದಾಗ, ಕೋಲಸಿರ್ಸಿಯ ಶಾಲೆಯಲ್ಲಿ ಎರಡನೇ ಇಯತ್ತೆ ಓದುತ್ತಿದ್ದಾಗ, ನಮ್ಮ ಮನೆಗೆ ಒಂದು ವಿಚಿತ್ರ ಬೂಟು ಬಂತು. ಎರಡು ಪುಟಾಣಿ ಬೂಟುಗಳ ಅಡಿಗೆ ಒಂದೇ ಕಬ್ಬಿಣದ ಪಟ್ಟಿ ಬಡಿದಿದ್ದರು. ಅದು ನನ್ನ ತಮ್ಮನದು. ಹುಟ್ಟುವಾಗಲೇ ಅವನ ಎರಡೂ ಪಾದ ಒಳಕ್ಕೆ ತಿರುಚಿಕೊಂಡಿದ್ದವು. ಶಿರಸಿಯ ಡಾಕ್ಟರು ವಾರಕ್ಕೊಮ್ಮೆ ಪ್ಲಾಸ್ಟರು ಒಡೆದು, ಪಾದವನ್ನು ಒಂಚೂರು ತಿರುಗಿಸಿ, ಮತ್ತೆ ಪ್ಲಾಸ್ಟರು ಹಾಕಿ, ಅಂತೂ ನೆಟ್ಟಗೆ ಮಾಡಿದ್ದರು. ಆಮೇಲೆ ಕೊಟ್ಟದ್ದೇ ಈ ಬೂಟು. ಸ್ನಾನದ ಹೊತ್ತು ಬಿಟ್ಟರೆ ಹಗಲೂ ರಾತ್ರಿ ಕಾಲಲ್ಲೇ ಇರಬೇಕು, ಇಲ್ಲದಿದ್ದರೆ ಪಾದ ಮತ್ತೆ ತಿರುಚಿಕೊಳ್ಳುತ್ತದೆ ಎಂದಿದ್ದರು.

ಅಪ್ಪ, ಅಮ್ಮ ಇಬ್ಬರೂ ಬೆಳಗಾಗುತ್ತಲೇ ಗದ್ದೆಗೆ ಹೋಗುವವರು. ಹಾಗಾಗಿ ಬೂಟಿನ ಉಸ್ತುವಾರಿ ನನ್ನ ತಲೆಗೆ ಬಂತು. "ಯಾವಾಗ್ಲೂ ಹಾಕಿರ್ಬೇಕು, ಗೊತ್ತಾಯ್ತಾ?" ಎಂದ ಅಪ್ಪ. ಗೊತ್ತಾಯಿತು. ಆದರೆ ಮೊದಲ ದಿನ ಬೂಟು ತೊಟ್ಟ ತಮ್ಮನನ್ನು ಎತ್ತಿಕೊಂಡು ಒಳಗೆ ಹೊರಟರೆ ಹೊಸಿಲಲ್ಲೇ ಅಜ್ಜಿ! "ಎಂತದೇ ಇದು, ಮೆಟ್ಟು ಹಾಕ್ಕಂಡು ಒಳಗೆ? ದೇವ್ರಿರೋ ಮನೆ ಮಾರಾಯ್ತಿ!" ನಮ್ಮ ಮನೆಯಲ್ಲಿ ಯಾರ ಮೆಟ್ಟೂ ಹೊಸಿಲು ದಾಟುತ್ತಿರಲಿಲ್ಲ. ಡಾಕ್ಟರು ಹೇಳಿದ್ದನ್ನು ಅಜ್ಜಿಗೆ ಯಾರೂ ತಿಳಿಸಿರಲಿಲ್ಲ. ಅಜ್ಜಿಯ ಮಾತು ಮೀರಬೇಡ ಎಂದು ಹೇಳಿಕೊಟ್ಟವನೂ ಅಪ್ಪನೇ ಅಲ್ಲವೇ? ನಾನು ಇಬ್ಬರ ಮಾತೂ ನಡೆಸಿದೆ. ಜಗಲಿಯಲ್ಲಿ ಬೂಟು ತೊಡಿಸುತ್ತಿದ್ದೆ, ಹೊಸಿಲಲ್ಲಿ ಬಿಚ್ಚುತ್ತಿದ್ದೆ. ಅಮ್ಮ ನೋಡಿ ಸುಮ್ಮನಿರುತ್ತಿದ್ದಳು, ಅವಳು ಅಜ್ಜಿಗೆ ಎದುರು ಮಾತಾಡಿದವಳೇ ಅಲ್ಲ. ಅಪ್ಪ ಬರುವಷ್ಟರಲ್ಲಿ ತಮ್ಮ ಕಂಬಳಿಯೊಳಗೆ ಸೇರಿರುತ್ತಿದ್ದ, ಬರಿಗಾಲು ಅವನಿಗೆ ಕಾಣುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಕಾಲು ತೋರಿಸಲು ಅಪ್ಪ ನಮ್ಮಿಬ್ಬರನ್ನೂ ಶಿರಸಿಗೆ ಕರೆದೊಯ್ದ. ದವಾಖಾನೆಯ ಬಾಗಿಲಲ್ಲಿ ಅಪ್ಪ ಚಪ್ಪಲಿ ಬಿಟ್ಟು ಚೀಟಿ ಮಾಡಿಸಲು ಹೋದ. ನಾನೂ ತಮ್ಮನ ಬೂಟು ಬಿಚ್ಚಿ ಅಲ್ಲೇ ಸಾಲಲ್ಲಿಟ್ಟು, ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಜಂಬದಿಂದ ಒಳಗೆ ಹೋದೆ.

ಡಾಕ್ಟರು ಪಾದ ಒತ್ತಿ ನೋಡಿದರು. ಅವರ ಮುಖ ಸಪ್ಪೆಯಾಯಿತು. "ಬೂಟು ಎಲ್ಲಿ?"

"ಹೊರಗಿದೆ," ಎಂದೆ.

ಡಾಕ್ಟರು ಚೀಟಿ ಹಿಡಿದು ಒಳಬಂದ ಅಪ್ಪನ ಕಡೆ ನೋಡಿದರು. ಅಪ್ಪ ತಡವರಿಸಿದ. "ದಿನಾ ಹಾಕ್ತೇವೆ ಸಾಯೇಬ್ರೆ, ಇವಳೇ ಹಾಕ್ತಾಳೆ."

"ಹೌದು, ಹಾಕ್ತೆ. ಮನೆ ಒಳಗೆ ಹೋಗ್ವಾಗ ಮಾತ್ರ ಬಿಚ್ತೆ," ಎಂದೆ ನಾನು.

"ಮಗು ಮಲಗೋದು ಎಲ್ಲಮ್ಮ?" ಎಂದು ಕೇಳಿದರು ಡಾಕ್ಟರು. "ಒಳಗೆ," ಎಂದೆ. ಪಾದ ಮತ್ತೆ ತಿರುಚಿಕೊಳ್ಳುತ್ತಿತ್ತು. ಮತ್ತೆ ಮೊದಲಿನಿಂದ ಪ್ಲಾಸ್ಟರು! ಒದ್ದೆ ಸುಣ್ಣದ ವಾಸನೆ ಕೋಣೆ ತುಂಬಿತು, ತಮ್ಮ ಕಿರುಚಿ ಕಿರುಚಿ ಕೆಂಪಾದ. ನನಗೆ ತಲೆಬುಡ ಅರ್ಥವಾಗಲಿಲ್ಲ. ದೊಡ್ಡವರು ಹೇಳಿದ್ದೆಲ್ಲ ಮಾಡಿದ್ದೆನಲ್ಲ, ತಪ್ಪು ಎಲ್ಲಿ ಹೊಕ್ಕಿತು? ಅಪ್ಪ ಬೈದಿದ್ದರೆ ವಾಸಿಯಿತ್ತು. ಅವನು ಬೂಟು ನನ್ನ ಕೈಗೆ ಕೊಟ್ಟು, ತಮ್ಮನನ್ನು ತಾನೇ ಎತ್ತಿಕೊಂಡು ಬಸ್ಸು ಹತ್ತಿದ.

ಮನೆಯಲ್ಲಿ ಅಪ್ಪ ಎಲ್ಲ ಹೇಳಿದಾಗ ಅಜ್ಜಿ ಗೋಡೆ ಹಿಡಿದು ಕೂತಳು. ಆಮೇಲೆ ಎದ್ದು ಬಂದು ನನ್ನ ಕೈಯಿಂದ ಬೂಟು ಇಸಿದುಕೊಂಡು, ಸೆರಗಿನಲ್ಲಿ ಒರೆಸಿ, ತಾನೇ ಹೊಸಿಲು ದಾಟಿಸಿ ದೇವರ ಮಣೆಯ ಪಕ್ಕ ಇಟ್ಟಳು. "ಮಗುವಿನ ಕಾಲಿಗಿಂತ ನನ್ನ ಮಡಿ ಹೆಚ್ಚಾ? ಮೊದ್ಲೇ ಒಂದು ಮಾತು ಹೇಳೂಕೆ ಆಗ್ಲಿಲ್ವನೇ ನಿಂಗೆ?" ಎಂದು ಅತ್ತಳು. ಹೇಳಬಹುದಿತ್ತೇ? ಅಜ್ಜಿಗೆ?

ಪ್ಲಾಸ್ಟರು ಮುಗಿದ ಮೇಲೆ ದಿನಾ ಬೂಟು ತೊಡಿಸಿದವಳು ಅಜ್ಜಿಯೇ. ಮರುವರ್ಷ ತಮ್ಮ ಅಂಗಳದಲ್ಲಿ ನೆಟ್ಟಗೆ ನಡೆದ. ಮಕ್ಕಳೇ, ನಿಮ್ಮ ಚಿಕ್ಕಜ್ಜ ಅವನೇ.

ನೀವಾದರೆ ಡಾಕ್ಟರ ಎದುರು ಕೂತು ಈ ಗುಳಿಗೆ ಯಾಕೆ, ಸೂಜಿ ಎಲ್ಲಿಗೆ ಎಂದು ಕೇಳುತ್ತಲೇ ಇರುತ್ತೀರಿ. ಎಷ್ಟು ಬಾಯಿ ಇವಕ್ಕೆ ಎಂದು ನಿಮ್ಮಮ್ಮ ಗದರುತ್ತಾಳೆ. ನಾನು ಗದರುವುದಿಲ್ಲ. ಇಬ್ಬರು ದೊಡ್ಡವರ ಮಾತು ಹೊಂದದಿದ್ದರೆ ಕೇಳಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಅಂದು ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ, ತಮ್ಮ ಅಷ್ಟು ಅಳಬೇಕಿರಲಿಲ್ಲ.