ಅವ್ವನಿಗಾಗಿ ಕೂಡಿಸಿದ ಮೀಟರು

ಈಗಿನ ಕಾರುಗಳಲ್ಲಿ ಎಲ್ಲವನ್ನೂ ಕಂಪನಿಯವರೇ ಕೂಡಿಸಿ ಕೊಡುತ್ತಾರೆ. ಬೆರಳಿನಿಂದ ಪರದೆ ಮುಟ್ಟಿದರೆ ಸಾಕು. ನನ್ನ ಕಣ್ಣಿಗೆ ಮಾತ್ರ ಕೊಟ್ಟೂರಿನ ನಮ್ಮ ಮನೆ ಮುಂದಿನ ಒಂದು ಭಾನುವಾರವೇ ಕಟ್ಟುತ್ತದೆ. ಹಳೇ ಡೀಸೆಲ್ ಕಾರಿನ ಸ್ಟೇರಿಂಗ್ ಕೆಳಗೆ ತಲೆ ತೂರಿಸಿ, ಕಾಲು ರಸ್ತೆಗೆ ಚಾಚಿ ಅಣ್ಣ ಮಲಗಿದ್ದ.

ಆ ಕಾರು ಒಮ್ಮೆ ಅವ್ವನನ್ನು ನಡುದಾರಿಯಲ್ಲಿ ಕೈಬಿಟ್ಟಿತ್ತು. ಕೂಡ್ಲಿಗಿಯಿಂದ ಬರುವಾಗ ಇಂಜಿನ್ ಕುದ್ದು ಹಬೆಯೆದ್ದು, ಅವ್ವ ಬೇವಿನ ಮರದ ಕೆಳಗೆ ಮಧ್ಯಾಹ್ನವಿಡೀ ಕೂತಿದ್ದಳು. ಇನ್ನು ಈ ಗಾಡಿ ಹತ್ತುವುದಿಲ್ಲ ಎಂದುಬಿಟ್ಟಳು. ಬಸ್ಸು ಹತ್ತೋಣವೆಂದರೆ ಮೊಣಕಾಲು ಬಿಡುತ್ತಿರಲಿಲ್ಲ. ಹೊಳಲಿನಲ್ಲಿ ಅವಳ ಅಣ್ಣ, ಅಂದರೆ ನಮ್ಮ ಸೋದರಮಾವ, ಹಾಸಿಗೆ ಹಿಡಿದಿದ್ದರು. ಅವರು ಫೋನಿನಲ್ಲಿ "ಯಾವಾಗ ಬರ್ತೀಯವ್ವಾ ತಂಗಿ?" ಎಂದು ಕೇಳಿದಾಗಲೆಲ್ಲ ಅವ್ವ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು. ಹಠ ಮಾತ್ರ ಬಿಡಲಿಲ್ಲ.

ಅದಕ್ಕೇ ಅಣ್ಣ ದಾವಣಗೆರೆಯಿಂದ ಇಂಜಿನ್ನಿನ ಬಿಸಿ ತೋರಿಸುವ ದುಂಡನೆಯ ಮೀಟರು ತಂದಿದ್ದ. "ಮುಳ್ಳು ಕೆಂಪಿಗೆ ಬರೂದರಾಗ ಗಾಡಿ ನಿಲ್ಲಿಸ್ತೀನಿ. ನೀನ ನೋಡ್ಕೊಂತ ಕೂಡು" ಎಂದ. ಅವ್ವ ಕರಗಿದಳು. ಕರಗಿದವಳು ಒಂದು ಕರಾರನ್ನೂ ಹಾಕಿದಳು: ಗಾಡಿಯೊಳಗಿನ ಉಚ್ಚಂಗೆಮ್ಮ ದೇವಿಯ ಫೋಟೊ ಮುಂದೆ ಸಣ್ಣದೊಂದು ಬಲ್ಬು ಬೇಕು.

"ಹಾಕ್ತೀನಿ. ಚಾವಿ ತಿರುವಿದ್ರ ಹತ್ತತೈತಿ, ತೆಗೆದ್ರ ಆರತೈತಿ" ಎಂದ ಅಣ್ಣ.

"ಬಾಯಿ ಮುಚ್ಚಲೇ. ದೇವರ ದೀಪ ಯಾರಾರ ಕೈಯಾರೆ ಆರಿಸ್ತಾರೇನು?"

ಅಣ್ಣ ಟೆಸ್ಟರ್ ಹಿಡಿದು, ಚಾವಿ ತೆಗೆದರೂ ಕರೆಂಟ್ ಬರುವ ಫ್ಯೂಸನ್ನು ಹುಡುಕಿದ. ಅಲ್ಲಿಂದ ದೇವಿಗೆ ವೈರ್ ಎಳೆದ. ಮೀಟರಿಗೆ ಬೇರೆ ಫ್ಯೂಸು ಬೇಕಿತ್ತು, ಚಾವಿ ತೆಗೆದ ಕೂಡಲೇ ಸುಮ್ಮನಾಗುವಂಥದ್ದು. ಆದರೆ ಒಳಗೆ ರೊಟ್ಟಿ ಆರುತ್ತಿತ್ತು, ಅವನ ಹೊಟ್ಟೆ ಚುರುಗುಟ್ಟುತ್ತಿತ್ತು. ಮೀಟರು, ಅದರ ಲೈಟು, ಫೋನಿನ ಚಾರ್ಜರು ಎಲ್ಲವನ್ನೂ ದೇವಿಯ ವೈರಿಗೇ ಸೇರಿಸಿ ಟೇಪು ಸುತ್ತಿದ. "ತಾಯಿ ನೋಡ್ಕೊಂತಾಳ ಬಿಡು" ಎಂದ. ನಾನು ಮೊಬೈಲ್ ಟಾರ್ಚ್ ಹಿಡಿದು ನಗುತ್ತಿದ್ದೆ.

ತಾಯಿ ಬ್ಯಾಟರಿಯನ್ನು ನೋಡಿಕೊಳ್ಳಲಿಲ್ಲ. ಅದೂ ಮುದಿ ಬ್ಯಾಟರಿ, ರಾತ್ರಿಯಿಡೀ ಎಲ್ಲವೂ ಉರಿದು ಬರಿದಾಗಿತ್ತು. ಬೆಳಿಗ್ಗೆ ಚಾವಿ ತಿರುವಿದರೆ ಟಕ್ ಎಂದು ಸುಮ್ಮನಾಯಿತು. ಅಷ್ಟರಲ್ಲಿ ಅವ್ವ ಇಳಕಲ್ ಸೀರೆಯುಟ್ಟು, ಸಿಹಿ ಮಾದಲಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಇಳಿ ಎಂದರೆ ಕೇಳಬೇಕಲ್ಲ!

"ತವರಿಗೆ ಹೊಂಟಾಕಿ ಹೊಳ್ಳಿ ಒಳಗ ಹೋಗಂಗಿಲ್ಲ. ನೂಕ್ರಿ."

ನೂಕಿದೆವು. ಓಣಿಯ ಅರ್ಧ ಮಂದಿ ಕೈ ಹಚ್ಚಿದರು. ಅವ್ವ ಒಳಗೆ ಪಲ್ಲಕ್ಕಿಯ ದೇವರಂತೆ ಅಲುಗಾಡದೆ ಕೂತಿದ್ದಳು. ಇಳಿಜಾರಿನಲ್ಲಿ ಇಂಜಿನ್ ಕೆಮ್ಮಿ ಚಾಲೂ ಆಯಿತು. ಹಡಗಲಿ ದಾಟಿದರೂ ಅವಳು ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ಸಣ್ಣದೊಂದು ಏರು ಬಂದರೂ "ಹೆಚ್ಚಾತೇನೋ?" ಎನ್ನುತ್ತಿದ್ದಳು. ಅಷ್ಟು ಅಂಜಿಕೆ ಇಟ್ಟುಕೊಂಡೂ ಹೊರಟಿದ್ದಳು.

ಹೊಳಲಿನಲ್ಲಿ ಮಾವನನ್ನು ಎಬ್ಬಿಸಿ ಕಟ್ಟೆಯ ಮೇಲೆ ಒರಗಿಸಿ ಕೂಡಿಸಿದ್ದರು. ಅವ್ವನನ್ನು ಕಂಡು ಎರಡೂ ಕೈ ಚಾಚಿದರು. ಅವ್ವ ಕುಂಟುತ್ತಲೇ ಓಡಿದಳು. ಅಣ್ಣ ಮಾತ್ರ ಇಂಜಿನ್ ಬಂದ್ ಮಾಡದೆ ಸ್ಟೇರಿಂಗ್ ಹಿಡಿದೇ ಕೂತಿದ್ದ.

"ಬಂದ್ ಮಾಡಿದ್ರ ಮತ್ತ ಚಾಲೂ ಆಗ್ತೈತೋ ಇಲ್ಲೋ, ಅವ್ವಾ. ಲಗೂನ ಮಾತಾಡಿಸ್ಕೊಂಡು ಬಾ" ಎಂದು ಕೂಗಿದ.

ಅವ್ವ ಮಾವನ ಕೈ ಬಿಡದೆ, ತಿರುಗಿಯೂ ನೋಡದೆ ಹೇಳಿದಳು:

"ಬಂದ್ ಮಾಡಲೇ. ಚಾಲೂ ಆಗದಿದ್ರ ಚಲೋನ ಆತು. ನಾಕು ದಿನ ನಮ್ಮಣ್ಣನ ಕೂಡ ಇರ್ತೀನಿ."